ಪಾಯದ ಫೈಲು, ಸೋಪಿನ ಪುಡಿಯ ಡಬ್ಬ

ಪೊರಕೆ ಮೇಡಂ ಎಂಬ ಹೆಸರನ್ನು ಅವಳಿಗೆ ಮೊದಲು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಹನ್ನೊಂದು ವರ್ಷದಲ್ಲಿ ಹನ್ನೊಂದು ತಂಡ ಬಂದು ಹೋಯಿತು. ಪ್ರತಿ ತಂಡವೂ ಹೋಗುವಾಗ ಆ ಹೆಸರನ್ನು ಮುಂದಿನವರಿಗೆ ಒಪ್ಪಿಸಿ ಹೋಯಿತು. ಅದು ಅವಳಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ಪೊರಕೆ ಒಂದು ವಾರ ಮೂಲೆ ಬಿಟ್ಟು ಏಳದಿದ್ದರೆ ಮನೆ ಹೇಗಿರುತ್ತದೆ ಎಂದು ತಿಳಿದವಳು ಅವಳು.

ಅದು ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುವ ತರಬೇತಿ ಕೇಂದ್ರ. ಎರಡನೆಯ ಮಹಡಿಯಲ್ಲಿ ಉದ್ದನೆಯ ಕೋಣೆ, ನಾಲ್ಕು ಸಾಲು ಮೇಜು, ನಲವತ್ತೆಂಟು ಪರದೆ. ವಿದ್ಯಾರ್ಥಿಗಳ ಮುಂದೆ ಇರುವುದು ಬರೀ ಪರದೆ, ಕೀಬೋರ್ಡು, ಮೌಸು. ನಿಜವಾದ ಯಂತ್ರ ಇರುವುದು ಕೋಣೆಯ ತುದಿಯ ಗಾಜಿನ ಗೂಡಿನಲ್ಲಿ, ಒಂದೇ ಒಂದು. ಅದರ ಹೊಟ್ಟೆಯೊಳಗೆ ನಲವತ್ತೆಂಟು ತೋರಿಕೆಯ ಕಂಪ್ಯೂಟರ್‌ಗಳು. ವರ್ಚುವಲ್ ಮಷೀನ್ ಎನ್ನುತ್ತಾರೆ. ಒಳಗೆ ಕೂತವರಿಗೆ ಅದು ಇಡೀ ಕಂಪ್ಯೂಟರ್. ಹೊರಗಿನಿಂದ ನೋಡಿದರೆ ಇಮೇಜ್ ಎಂಬ ಒಂದು ದೊಡ್ಡ ಫೈಲು, ಅಷ್ಟೆ.

ಈ ಇಮೇಜುಗಳಿಗೆ ಒಂದು ಕೆಟ್ಟ ಬುದ್ಧಿ. ಒಳಗೆ ಏನಾದರೂ ಹಾಕಿದರೆ ಹೊರಗೆ ಉಬ್ಬುತ್ತವೆ. ಒಳಗಿನದನ್ನು ಅಳಿಸಿದರೆ ಇಳಿಯುವುದಿಲ್ಲ. ಹುಡುಗನೊಬ್ಬ ಹತ್ತು ಸಿನಿಮಾ ತುಂಬಿ, ಮಾರನೆಯ ದಿನ ಅಳಿಸಿ, "ನಂದು ಖಾಲಿ ಮೇಡಂ" ಎಂದು ಕೈ ಝಾಡಿಸುತ್ತಾನೆ. ಅವನ ಮಟ್ಟಿಗೆ ಖಾಲಿಯೇ. ಹೊರಗೆ ಆ ಫೈಲು ಮಾತ್ರ ಉಂಡ ಹೊಟ್ಟೆ ಹೊತ್ತು ಹಾಗೇ ಕೂತಿರುತ್ತದೆ. ಅದನ್ನು ಇಳಿಸಬೇಕಾದರೆ ಪ್ರತಿಯೊಂದರ ಒಳಗೂ ಹೋಗಿ, ಖಾಲಿ ಬಿದ್ದ ಜಾಗಕ್ಕೆಲ್ಲ ಸೊನ್ನೆ ತುಂಬಿ, ಯಂತ್ರ ಆರಿಸಿ, ಫೈಲನ್ನು ಹಿಂಡಿ, ಮತ್ತೆ ಹಚ್ಚಿ ನೋಡಬೇಕು. ತೊಳೆದ ಪಾತ್ರೆಯ ಹಾಗೆ ಈ ಕೆಲಸ: ಮಾಡಿದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದಿದ್ದರೆ ಮಾತ್ರ ಎಲ್ಲರಿಗೂ ನಾಲಗೆ ಬರುತ್ತದೆ.

ಸಾಲದ್ದಕ್ಕೆ, ಪ್ರತಿ ವಿದ್ಯಾರ್ಥಿಗೂ ಅರವತ್ತು ಜಿಬಿ ಜಾಗ ಎಂದು ಕೇಂದ್ರದವರು ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರು. ನಲವತ್ತೆಂಟು ಜನಕ್ಕೆ ಲೆಕ್ಕ ಹಾಕಿದರೆ ಮೂರು ಸಾವಿರದ ಹತ್ತಿರ. ಗಾಜಿನ ಗೂಡಿನಲ್ಲಿ ಇದ್ದದ್ದು ಎರಡು ಸಾವಿರ. ಹಂಚಿದವರು ಮೇಲಿನವರು; ಇಲ್ಲದ ಜಾಗ ಇದೆ ಎಂದು ಕಾಣುವಂತೆ ದಿನ ದೂಡುವುದು ಅವಳ ಪಾಲು. ಈ ವಿದ್ಯೆ ಮನೆಯಲ್ಲೇ ಅಭ್ಯಾಸವಾಗಿತ್ತು. ಎರಡು ಕೋಣೆಯ ಮನೆಗೆ ಮೂರು ಸಂಸಾರ ನೆಂಟರನ್ನು ಒಟ್ಟಿಗೆ ಕರೆದು "ಜಾಗಕ್ಕೇನು, ಆಗುತ್ತೆ ಬನ್ರೀ" ಎನ್ನುವವನು ಗಂಡ. ಆಗಿಸುವವಳು ಹಾಸಿಗೆ ಎಳೆದಾಡಿಕೊಂಡು ಕೊನೆಗೆ ಅಡುಗೆಮನೆಯಲ್ಲಿ ಮಲಗುತ್ತಿದ್ದಳು.

ಅವಳು ಇಲ್ಲಿಗೆ ಬಂದದ್ದು ಟೈಪಿಸ್ಟಾಗಿ. ಹಿಂದಿನ ಉಸ್ತುವಾರಿಯವನು ಒಂದು ದಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದ, ತಿರುಗಿ ಬರಲಿಲ್ಲ. "ಹೊಸಬರು ಬರೋ ತನಕ ನೋಡ್ಕೊಳಮ್ಮ" ಎಂದರು ಡೈರೆಕ್ಟರು. ಹೊಸಬರು ಬರಲೇ ಇಲ್ಲ. ಮಗನಿಗೆ ಆಗ ಐದು ವರ್ಷ. ಅವನನ್ನು ಮಲಗಿಸುತ್ತ ಒಂದು ಕೈಯಲ್ಲಿ ಕೈಪಿಡಿ ಹಿಡಿದು ಕಲಿತಳು. ಹನ್ನೊಂದು ವರ್ಷವಾದರೂ ಅವಳ ಹುದ್ದೆಯ ಮುಂದೆ "ತಾತ್ಕಾಲಿಕ" ಎಂಬ ಪದ ಕಾಯಂ ಆಗಿ ಕೂತಿತ್ತು. ಮುಂದಿನ ತಿಂಗಳು ಆಡಳಿತ ಸಮಿತಿ ಕೂಡುವುದಿತ್ತು. ಈ ಸಲ ಅವಳ ಹೆಸರು ಪಟ್ಟಿಯಲ್ಲಿದೆ, ಕೆಲಸ ಕಾಯಂ ಆಗುತ್ತದೆ ಎಂದು ಡೈರೆಕ್ಟರೇ ಹೇಳಿದ್ದರು.

ಅವಳ ಅಪ್ಪ ದರ್ಜಿ. "ಕತ್ತರಿ ಎತ್ತೋ ಮೊದಲು ಬರೀಬೇಕು. ಕತ್ತರಿಸಿದ ಬಟ್ಟೆ ಬೆಳೆಯಲ್ಲ" ಎಂಬುದು ಅವನ ಮಾತು. ಆ ಮಾತನ್ನೇ ಅವಳು ಕೋಣೆಯ ಕಾನೂನು ಮಾಡಿದ್ದಳು. ಗಾಜಿನ ಗೂಡಿನ ಪಕ್ಕ ದಾರ ಕಟ್ಟಿದ ಪೆನ್ನಿನ ಜೊತೆ ಗಟ್ಟಿ ರಟ್ಟಿನ ಉದ್ದ ಪುಸ್ತಕ. ಆ ಯಂತ್ರದಲ್ಲಿ ಏನನ್ನು ಅಳಿಸಬೇಕಾದರೂ ಮೊದಲು ಅದರಲ್ಲಿ ಬರೆಯಬೇಕು: ಯಾವ ಫೈಲು, ಯಾಕೆ, ಎಷ್ಟು ಹೊತ್ತಿಗೆ, ಯಾರು. ಸಹಿ ಹಾಕಬೇಕು. ಆಮೇಲೆ ಬೆರಳು ಒತ್ತಬೇಕು. ಕಂಪ್ಯೂಟರ್ ಕೋಣೆಯಲ್ಲಿ ಕೈಬರಹದ ಪುಸ್ತಕವೇ ಎಂದು ನಗದವರಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಒಂದು ನಕ್ಷೆಯೂ ಕಳೆದುಹೋಗಿರಲಿಲ್ಲ.

ಆ ನಲವತ್ತೆಂಟು ಇಮೇಜುಗಳ ಪಕ್ಕದಲ್ಲೇ ಇನ್ನೊಂದು ಫೈಲಿತ್ತು, ಎಪ್ಪತ್ತನಾಲ್ಕು ಜಿಬಿಯದು. ನಕ್ಷೆ ಬರೆಯುವ ಭಾರೀ ಸಾಫ್ಟ್‌ವೇರುಗಳನ್ನೆಲ್ಲ ನಲವತ್ತೆಂಟು ಸಲ ತುಂಬಿದರೆ ಡಿಸ್ಕು ಒಂದೇ ದಿನದಲ್ಲಿ ಸಿಡಿಯುತ್ತದೆ. ಅದಕ್ಕೇ ಎರಡು ವರ್ಷದ ಹಿಂದೆ ಅವಳು ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿ ಭದ್ರ ಮಾಡಿದಳು. ವಿದ್ಯಾರ್ಥಿಗಳ ಫೈಲುಗಳು ಅದರ ಮೇಲೆ ನಿಂತವು. ಅವರವರು ಬರೆದದ್ದು, ಬದಲಿಸಿದ್ದು ಮಾತ್ರ ಅವರವರ ಫೈಲಿನಲ್ಲಿ. ಉಳಿದದ್ದನ್ನೆಲ್ಲ ಆ ಒಂದರಿಂದ ಓದಿಕೊಳ್ಳುತ್ತವೆ. ಕಟ್ಟಡದವರ ಭಾಷೆಯಲ್ಲಿ ಅವಳು ಅದಕ್ಕೆ ಪಾಯ ಎಂದು ಹೆಸರಿಟ್ಟಳು. ಪಾಯ ಅಲ್ಲಾಡಬಾರದು. ಅದರಲ್ಲಿ ಒಂದು ಅಕ್ಷರ ಬದಲಾದರೂ ಮೇಲಿನ ನಲವತ್ತೆಂಟೂ ಕುಸಿಯುತ್ತವೆ. ಹಾಗಾಗಿ ಅದರ ಮೇಲಿನ ತಾರೀಕು ಎರಡು ವರ್ಷದಿಂದ ಬದಲಾಗಿರಲಿಲ್ಲ.

ಅದರದೊಂದು ನಕಲು ಬೇರೆ ಕಡೆ ಇರಬೇಕೆಂದು, ಬೆಂಕಿಗೂ ಕಳ್ಳರಿಗೂ ಸಿಗದ ಒಂದು ಬೀರು ಕೊಡಿ ಎಂದು ಡೈರೆಕ್ಟರನ್ನು ಕೇಳಿದ್ದಳು. ಅವರ ಕೋಣೆಯಲ್ಲಿ ಎರಡು ಕಬ್ಬಿಣದ ಬೀರುಗಳಿದ್ದವು. ಎರಡರಲ್ಲೂ ಕೇಂದ್ರ ಗೆದ್ದ ಕಪ್ಪುಗಳು. "ಜಾಗ ಇಲ್ಲಮ್ಮ" ಎಂದರು. ಅವಳು ತನ್ನದೇ ಒಂದು ಡಿಸ್ಕಿಗೆ ನಕಲು ಮಾಡಿಕೊಂಡು ಮನೆಗೆ ಒಯ್ದು ಗಂಡನ ಮೇಜಿನ ಖಾನೆಯಲ್ಲಿಟ್ಟಳು. ತಿಂಗಳೊಳಗೆ ಅದರ ತುಂಬ ಅವನ ಗೆಳೆಯರ ಪ್ರವಾಸದ ವಿಡಿಯೊ. "ಏನೋ ಅರ್ಥವಾಗದ ಒಂದೇ ಒಂದು ಫೈಲ್ ಇತ್ತು ಕಣೇ. ಖಾಲಿ ಮಾಡ್ದೆ. ಸುಮ್ನೆ ಬಿದ್ದಿತ್ತಲ್ಲ" ಎಂದಿದ್ದ.

ಅವಳು ಜಗಳವಾಡಲಿಲ್ಲ. ಇನ್ನೊಂದು ನಕಲು ಮಾಡಿದಳು. ಮನೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಸುತ್ತಿ ಬಂದಳು: ಗಂಡನಾಗಲಿ ಮಗನಾಗಲಿ ಕೈ ಹಾಕದ ಜಾಗ ಯಾವುದು? ಬಟ್ಟೆ ಒಗೆಯುವ ಮಷೀನಿನ ಮೇಲಿನ ಗೂಡು. ಅಲ್ಲಿದ್ದ ಹಳೆಯ ಸೋಪಿನ ಪುಡಿಯ ಡಬ್ಬ ಖಾಲಿ ಮಾಡಿ ಒರೆಸಿ, ಡಿಸ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟಳು. ಬ್ಯಾಂಕಿನ ಲಾಕರಿಗೂ ಇಲ್ಲದ ಭದ್ರತೆ. ಎರಡು ವರ್ಷ ಯಾರೂ ಮುಟ್ಟಲಿಲ್ಲ.

ನಾಲ್ಕು ತಿಂಗಳ ಹಿಂದೆ ಅವಳ ಮೇಲೆ ಹೊಸ ಮುಖ್ಯಸ್ಥ ಬಂದ. ಅವಳಿಗಿಂತ ಎಂಟು ವರ್ಷ ಚಿಕ್ಕವನು, ಬಂದ ದಿನವೇ ಕಾಯಂ. ಬಿಸಿಲಲ್ಲೂ ಟೈ ಬಿಚ್ಚದವನಾದ್ದರಿಂದ ವಿದ್ಯಾರ್ಥಿಗಳು ಅವನನ್ನು ಟೈ ಎಂದೇ ಕರೆಯುತ್ತಿದ್ದರು. ಬಂದ ವಾರದಲ್ಲೇ ಪುಸ್ತಕ ನೋಡಿ, "ಮೇಡಂ, ಇದು ಯಾವ ಕಾಲದ್ದು? ಮ್ಯೂಸಿಯಮ್ಮಿಗೆ ಕೊಡಿ" ಎಂದಿದ್ದ. ಡಿಸ್ಕು ತುಂಬುತ್ತಿದೆ, ಇನ್ನೊಂದು ಬೇಕು ಎಂದು ಅವಳು ಮೂರು ಸಲ ಬರೆದುಕೊಟ್ಟಳು. ಮೂರನೆಯ ಸಲ ಅವನು ಡೈರೆಕ್ಟರ ಮುಂದೆ ನಕ್ಕು, "ಹೊಸ ಡಿಸ್ಕ್ ಯಾಕೆ ಸಾರ್? ಕ್ಲೀನ್ ಮಾಡೋಕೆ ಗೊತ್ತಿದ್ರೆ ಸಾಕು. ನಾನು ಅರ್ಧ ದಿನದಲ್ಲಿ ಜಾಗ ಮಾಡಿ ತೋರಿಸ್ತೀನಿ" ಎಂದ. ಹನ್ನೊಂದು ವರ್ಷದಿಂದ ಗುಡಿಸುತ್ತಿದ್ದವಳು ಪಕ್ಕದಲ್ಲೇ ನಿಂತಿದ್ದಳು.

ಬುಧವಾರ ಅರ್ಧ ದಿನದ ತರಗತಿ. ಒಂದಕ್ಕೆ ವಿದ್ಯಾರ್ಥಿಗಳು ಹೋದರೆ ಆಮೇಲೆ ಅವಳ ಹಿಂಡುವ ಕೆಲಸ. ಅವತ್ತು ಎಲ್ಲರಿಗೂ ಅವಸರ. ಶುಕ್ರವಾರ ಕೊನೆಯ ನಕ್ಷೆ ಒಪ್ಪಿಸಬೇಕು. ಇಡೀ ವರ್ಷದ ಕೆಲಸ, ತಲೆಗೊಂದು ಮನೆ. ಅವಳು ಸಾಲುಗಳ ನಡುವೆ ಓಡಾಡುತ್ತ ನೋಡಿದಳು. ಇಪ್ಪತ್ತಡಿ ಹಾಲು, ಕಾರಿಗೆ ಗೂಡು, ನಾಯಿಗೂ ಗೂಡು; ಅಡುಗೆಮನೆ ಮಾತ್ರ ಮೂಲೆಯಲ್ಲಿ ಆರಡಿಗೆ ಏಳಡಿ.

"ಇಲ್ಲಿ ಕಿಟಕಿ ಎಲ್ಲಪ್ಪಾ?"

"ಹಾಲಿಗೆ ಕೊಟ್ಟಿದೀನಲ್ಲ ಮೇಡಂ, ಮೂರು."

"ಹಾಲಿನಲ್ಲಿ ಒಲೆ ಹಚ್ತಾರಾ?"

ಪಕ್ಕದ ಹುಡುಗಿಯರು ನಕ್ಕರು. ಹುಡುಗ ಗೊಣಗಿಕೊಂಡು ಒಂದು ಕಿಟಕಿ ತೆರೆದ.

ಒಂದೂವರೆಗೆ ಅವಳು ಎಂದಿನಂತೆ ನಲವತ್ತೆಂಟನ್ನೂ ಒಂದೇ ಆಜ್ಞೆಯಲ್ಲಿ ಆರಿಸಲು ಬಿಟ್ಟು, ಟೀ ಕುಡಿಯಲು ಮೆಟ್ಟಿಲ ಬಳಿ ಹೋದಳು. ಎಲ್ಲ ಆರುವುದಕ್ಕೆ ಹತ್ತು ನಿಮಿಷ ಬೇಕು. ಮನೆ ಮತ್ತು ಕೆಲಸ ಎರಡರಲ್ಲೂ ಸೇರಿ ಇಡೀ ವಾರದಲ್ಲಿ ಅವಳಿಗೆ ಅವಳದೇ ಎಂದು ಇದ್ದ ಹತ್ತು ನಿಮಿಷ ಅದು. ಕೋಣೆ ಗುಡಿಸುವ ಆಯಮ್ಮ ಜೊತೆಗೆ ಬಂದು ಕೂತಳು.

"ಬೆಳಿಗ್ಗೆ ಟೈ ಸಾಹೇಬ್ರು ನಿಮ್ಮ ಗಾಜಿನ ಗೂಡಲ್ಲಿ ಕೂತಿದ್ರು" ಎಂದಳು ಆಯಮ್ಮ. "ನೀವು ಕೆಳಗೆ ಹಾಜರಿ ಕೊಡೋಕೆ ಹೋಗಿದ್ರಲ್ಲ, ಆವಾಗ. ಪುಸ್ತಕ ಸರಿಸಿ ಅದರ ಮೇಲೆ ಕಾಫಿ ಲೋಟ ಇಟ್ಕೊಂಡಿದ್ರು."

"ಏನು ಮಾಡ್ತಿದ್ರು?"

"ನನಗೇನು ಗೊತ್ತು? ಸ್ವಲ್ಪ ಹೊತ್ತು ನೋಡಿದ್ರು, ತಲೆ ಕೆರ್ಕೊಂಡ್ರು, ಎದ್ದು ಹೋದ್ರು."

ಅವಳು ಟೀ ಅರ್ಧಕ್ಕೇ ಬಿಟ್ಟು ಎದ್ದಳು. ಗಾಜಿನ ಗೂಡಿಗೆ ಬಂದು ಪರದೆ ನೋಡಿದರೆ ನಲವತ್ತೆಂಟೂ ಆರಿದ್ದವು, ಡಿಸ್ಕಿನ ಖಾಲಿ ಜಾಗ ಇದ್ದಕ್ಕಿದ್ದಂತೆ ಎಪ್ಪತ್ತನಾಲ್ಕು ಜಿಬಿ ಹೆಚ್ಚಾಗಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಖುಷಿಯಾಯಿತು. ಆಮೇಲೆ ಆ ಸಂಖ್ಯೆ ಯಾವುದೆಂದು ಹೊಳೆಯಿತು.

ಪಾಯ ಇರಲಿಲ್ಲ. ಒಂದು ಯಂತ್ರ ಹಚ್ಚಿ ನೋಡಿದಳು, ಏಳಲಿಲ್ಲ. ಇನ್ನೊಂದು, ಅದೂ ಏಳಲಿಲ್ಲ. ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ತೆರೆದಳು. ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷ, ಮುಖ್ಯಸ್ಥನ ಹೆಸರಲ್ಲಿ ಪ್ರವೇಶ. ಗಾತ್ರಕ್ಕೆ ತಕ್ಕಂತೆ ಪಟ್ಟಿ. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹಳೆಯದು. ಅಳಿಸು.

ಆದರೂ ವಿದ್ಯಾರ್ಥಿಗಳು ಒಂದು ಗಂಟೆಯವರೆಗೆ ನಕ್ಷೆ ಬರೆದರಲ್ಲ? ಆ ಯಂತ್ರದ ನಿಯಮವೇ ಹಾಗೆ: ಅಳಿಸಿದ ಫೈಲಿನ ಹೆಸರು ಮಾತ್ರ ಹೋಗುತ್ತದೆ, ಯಾರಾದರೂ ಒಬ್ಬರು ಅದನ್ನು ತೆರೆದು ಹಿಡಿದಿರುವ ತನಕ ಒಳಗಿನದು ಜೀವ ಹಿಡಿದುಕೊಂಡಿರುತ್ತದೆ. ನಲವತ್ತೆಂಟು ಯಂತ್ರಗಳೂ ಎರಡೂವರೆ ಗಂಟೆ ಅದನ್ನು ಹಿಡಿದುಕೊಂಡಿದ್ದವು. ಆ ಹೊತ್ತಿನಲ್ಲಿ ಅವನು ಬಂದು "ಮೇಡಂ, ಒಂದು ಫೈಲ್ ತೆಗೆದೆ, ಆದ್ರೂ ಜಾಗ ಹೆಚ್ಚಲಿಲ್ಲ" ಎಂದು ಒಂದು ಮಾತು ಹೇಳಿದ್ದರೆ, ಕಾಲು ಗಂಟೆಯಲ್ಲಿ ಅವಳು ಅದನ್ನು ಹೊರಗೆ ಎಳೆದು ಹಾಕುತ್ತಿದ್ದಳು. ಹೇಳಲಿಲ್ಲ. ತಲೆ ಕೆರೆದುಕೊಂಡು ಹೋದ. ಕೊನೆಗೆ ಎಲ್ಲರ ಕೈ ಬಿಡಿಸಿದ ಆಜ್ಞೆ ಕೊಟ್ಟವಳು ಅವಳೇ, ಆರಲಿ ಎಂದು ಟೀ ಕುಡಿಯಲು ಹೋದವಳೂ ಅವಳೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಳಬೇಕೆನ್ನಿಸಲಿಲ್ಲ. ಯಾರಿಗಾದರೂ ಹೊಡೆಯಬೇಕೆನ್ನಿಸಿತು. ಅದರ ಬದಲು ಮನೆಗೆ ಫೋನು ಮಾಡಿದಳು. ಬುಧವಾರ ಗಂಡನಿಗೆ ರಜೆ.

"ರೀ, ಸೋಪಿನ ಪುಡಿ ಡಬ್ಬದೊಳಗೆ ಒಂದು ಡಿಸ್ಕಿದೆ. ಅದನ್ನ ತಗೊಂಡು ಈಗಲೇ ಇಲ್ಲಿಗೆ ಬನ್ನಿ."

"ಸೋಪಿನ ಪುಡಿ ಎಲ್ಲಿರುತ್ತೆ?"

"ಬಟ್ಟೆ ಒಗೆಯೋ ಮಷೀನ್ ಮೇಲೆ."

ಚಪ್ಪಲಿ ಎಳೆಯುವ ಸದ್ದು. "ಮಷೀನ್ ಮೇಲೆ ಬಕೆಟ್ ಇದೆ."

"ಇನ್ನೂ ಮೇಲೆ. ತಲೆ ಎತ್ತಿ ನೋಡಿ."

"ಓ. ಇಲ್ಲೊಂದು ಗೂಡಿದೆ ಕಣೇ." ಹೊಸ ದ್ವೀಪ ಕಂಡ ನಾವಿಕನ ದನಿ. ಆ ಮನೆಯಲ್ಲಿ ಅವನಿಗೆ ಅದು ಹದಿನೆಂಟನೆಯ ವರ್ಷ. "ನಾಲ್ಕು ಡಬ್ಬ ಇವೆ. ಯಾವುದು?"

"ನೀಲಿದು."

"ಎರಡು ನೀಲಿ ಇವೆ."

"ತೆಗೆದು ನೋಡಿ ರೀ. ಒಂದರಲ್ಲಿ ಪುಡಿ ಇರುತ್ತೆ, ಒಂದರಲ್ಲಿ ಇರಲ್ಲ."

"ಮುಚ್ಚಳ ಬರ್ತಿಲ್ಲ. ಅಯ್ಯೋ, ಎಲ್ಲ ಚೆಲ್ತು. ನೀನೇ ಬಂದು ತಗೊಂಡು ಹೋಗಬಾರದಾ? ಹತ್ತು ನಿಮಿಷದ ದಾರಿ."

ಹೋಗಬಹುದಿತ್ತು. ಆದರೆ ಗಾಜಿನ ಗೂಡು ಬಿಟ್ಟು ಹತ್ತು ನಿಮಿಷ ಹೋಗಿದ್ದರಿಂದಲೇ ಇಷ್ಟಾಗಿತ್ತು. ಈಗ ಹೋದರೆ ಆ ಹನ್ನೊಂದು ಗಂಟೆ ಏಳು ನಿಮಿಷದ ದಾಖಲೆಯೂ ಸ್ವಚ್ಛವಾಗಿಬಿಡಬಹುದು. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು: "ಕೊಡೋ ಇಲ್ಲಿ ಫೋನು. ನೆಲವೆಲ್ಲ ಪುಡಿ ಮಾಡಿದಾನೆ. ಏನಮ್ಮ, ಮುಚ್ಚಳ ತುಕ್ಕು ಹಿಡಿದ ಡಬ್ಬ ತಾನೆ?"

"ಅದೇ ಅತ್ತೆ. ನಿಮಗೆ ಹೇಗೆ ಗೊತ್ತು?"

"ಎರಡು ವರ್ಷದಿಂದ ನೋಡ್ತಿದೀನಿ, ಪುಡಿ ಇಲ್ಲದ ಡಬ್ಬನ ವಾರಕ್ಕೊಂದ್ಸಲ ಒರೆಸಿ ಇಡ್ತೀಯ. ಚಿನ್ನ ಗಿನ್ನ ಇಟ್ಟಿರಬೇಕು ಅಂದ್ಕೊಂಡಿದ್ದೆ."

"ತೆಗೆದು ನೋಡಲಿಲ್ವಾ?"

"ಯಾಕೆ ನೋಡ್ಲಿ? ನಾನು ಬಚ್ಚಿಟ್ಟಿದ್ದನ್ನ ಈ ಮನೇಲಿ ಯಾರಾದ್ರೂ ಉಳಿಸಿದ್ರಾ? ನಿಂದಾದ್ರೂ ಉಳೀಲಿ ಅಂತ ಬಿಟ್ಟೆ." ಆಮೇಲೆ ಫೋನಿನಿಂದ ಬಾಯಿ ತೆಗೆದು, "ಲೋ, ಅಂಗಿ ಹಾಕ್ಕೊಂಡು ಹೊರಡು. ಡಬ್ಬ ಅಲ್ಲಾಡಿಸಬೇಡ" ಎಂದರು.

ಅವಳು ಫೋನು ಇಡುವುದಕ್ಕೂ ಡೈರೆಕ್ಟರ ಕರೆ ಬರುವುದಕ್ಕೂ ಸರಿಹೋಯಿತು. ಯಂತ್ರ ಏಳದ ಸುದ್ದಿಯನ್ನು, ಬಾಗಿಲಲ್ಲಿ ಇಣುಕಿ ನೋಡಿದ ಟೈ ಅಷ್ಟರಲ್ಲಿ ಮೇಲೆ ಮುಟ್ಟಿಸಿದ್ದ. ಗಾಜಿನ ಗೂಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಆಯಮ್ಮನನ್ನು ಬಾಗಿಲಲ್ಲಿ ಕೂರಿಸಿದಳು. "ಯಾರನ್ನೂ ಬಿಡಬೇಡಿ."

"ಒಳಗೆ ನೆಲ ಒರೆಸಿದೀನಿ, ಒದ್ದೆ ಇದೆ ಅಂತೀನಿ. ಒದ್ದೆ ನೆಲ ಕಂಡ್ರೆ ದೊಡ್ಡವರು ಹೆದರ್ತಾರೆ" ಎಂದಳು ಆಯಮ್ಮ.

ಡೈರೆಕ್ಟರ ಕೋಣೆಯಲ್ಲಿ ಟೈ ಆಗಲೇ ಕೂತಿದ್ದ. ಅವಳಿಗೆ ಕುರ್ಚಿ ಇರಲಿಲ್ಲ. ಮೇಜಿನ ಮೇಲೆ ಒಂದು ಹಾಳೆ. ಗಾಬರಿಯ ಮಧ್ಯೆಯೂ ಅವನಿಗೆ ಅದನ್ನು ಟೈಪ್ ಮಾಡುವಷ್ಟು ಪುರುಸೊತ್ತು ಸಿಕ್ಕಿತ್ತು.

"ನೋಡಮ್ಮ, ಮಧ್ಯಾಹ್ನ ಒಂದೂವರೆಗೆ ನೀನು ಎಲ್ಲ ಮಷೀನ್ ಆಫ್ ಮಾಡಿದೆ. ಆಮೇಲೆ ಯಾವುದೂ ಆನ್ ಆಗಿಲ್ಲ. ಹೌದು ತಾನೆ?" ಎಂದರು ಡೈರೆಕ್ಟರು.

"ಹೌದು ಸಾರ್. ಯಾಕೆ ಆಗಿಲ್ಲ ಅಂದ್ರೆ..."

"ಕಾರಣ ಆಮೇಲೆ ನೋಡೋಣ. ಶುಕ್ರವಾರ ನಲವತ್ತೆಂಟು ಮಕ್ಕಳ ಅಪ್ಪ ಅಮ್ಮ ಬಂದು ನನ್ನ ಕುತ್ತಿಗೆ ಹಿಡೀತಾರೆ. ಅವರಿಗೆ ತೋರಿಸೋಕೆ ಒಂದು ಕಾಗದ ಬೇಕು. ನೀನು ನಮ್ಮ ಮಗಳಿದ್ದ ಹಾಗೆ. ಸುಮ್ನೆ ಒಂದು ಸಹಿ."

ಅವಳು ಓದಿದಳು. "ಪ್ರಯೋಗಾಲಯದ ತಾತ್ಕಾಲಿಕ ಉಸ್ತುವಾರಿಯಾದ ನನ್ನ ನಿರ್ಲಕ್ಷ್ಯದಿಂದ..." ಮುಂದೆ ಓದುವ ಅಗತ್ಯವಿರಲಿಲ್ಲ. ಇದು ಮುಂದಿನ ತಿಂಗಳ ಸಮಿತಿಯ ಮುಂದೆ ಹೋದರೆ ಕಾಯಂ ಆಗುವುದಿರಲಿ, ಇರುವ ಕೆಲಸವೂ ಉಳಿಯುವುದಿಲ್ಲ.

"ಬೆಳಿಗ್ಗೆ ಹನ್ನೊಂದು ಏಳಕ್ಕೆ ಪಾಯದ ಫೈಲ್ ಅಳಿಸಿದ್ದು ಇವರು" ಎಂದಳು.

ಟೈ ಗಂಟಲು ಸರಿಮಾಡಿಕೊಂಡ. "ಒಂದು ಹಳೇ ಫೈಲ್ ತೆಗೆದೆ, ಹೌದು. ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಅದಾದ ಮೇಲೆ ಎರಡು ಗಂಟೆ ಎಲ್ಲ ಮಷೀನೂ ಓಡಿವೆ ಸಾರ್. ನಂದೇ ತಪ್ಪಾಗಿದ್ರೆ ಆಗಲೇ ನಿಲ್ಲಬೇಕಿತ್ತಲ್ಲ? ನಿಂತಿದ್ದು ಇವರು ಆಫ್ ಮಾಡಿದಾಗ."

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುವುದನ್ನು ಕಥೆಯಲ್ಲಿ ಕೇಳಿದ್ದಳು. ಟೈ ಕಟ್ಟಿಕೊಂಡು ಒರೆಸುವುದನ್ನು ಈಗ ಕಂಡಳು.

"ಮುಟ್ಟಬಾರದು ಅಂತಾನೇ ಯಾರೂ ಮುಟ್ಟಿರಲಿಲ್ಲ" ಎಂದಳು. "ನಲವತ್ತೆಂಟು ಮಕ್ಕಳು ದಿನಾ ಅದನ್ನ ಓದ್ತಾರೆ. ಓದಿದ್ರೆ ತಾರೀಕು ಬದಲಾಗಲ್ಲ. ತಿದ್ದಿದ್ರೆ ಮಾತ್ರ ಬದಲಾಗುತ್ತೆ. ಮನೆ ಕಟ್ಟಿದ ಮೇಲೆ ಪಾಯ ಯಾರಿಗೂ ಕಾಣಲ್ಲ. ಕಾಣಲ್ಲ ಅಂತ ಇಟ್ಟಿಗೆ ಕೀಳ್ತಾರಾ? ಇದು ಕಟ್ಟಡದ ಕೆಲಸ ಕಲಿಸೋ ಜಾಗ ಸಾರ್." ಆಮೇಲೆ ಟೈ ಕಡೆ ತಿರುಗಿ ಕೇಳಿದಳು, "ಅಳಿಸಿದ ಮೇಲೂ ಜಾಗ ಹೆಚ್ಚಲಿಲ್ಲ ಅಂತ ನಿಮಗೆ ಗೊತ್ತಾಗಿತ್ತಾ, ಇಲ್ವಾ?"

ಅವನು ಡೈರೆಕ್ಟರ ಮುಖ ನೋಡಿದ.

"ಗೊತ್ತಾಗಿತ್ತು. ಅದಕ್ಕೇ ತಲೆ ಕೆರ್ಕೊಂಡ್ರಿ. ಬಂದು ನನ್ನ ಕೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ ಸುಮ್ನಾದ್ರಿ. ಕೇಳಿದ್ದಿದ್ರೆ ಕಾಲು ಗಂಟೇಲಿ ಅದು ವಾಪಸ್ ಬರ್ತಿತ್ತು."

ಅವಳ ದನಿ ಏರಿರಲಿಲ್ಲ. ಡೈರೆಕ್ಟರು ಕನ್ನಡಕ ತೆಗೆದು ಒರೆಸಿದರು. "ಅದೆಲ್ಲ ಇರಲಮ್ಮ. ಈಗ ಆ ಮಕ್ಕಳ ನಕ್ಷೆ ಹೋಯ್ತು ಅಂತ ತಾನೆ?"

ಇಲ್ಲ ಎಂದು ಹೇಳದೆ ಇದ್ದುಬಿಡಲೇ ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ. ಡಬ್ಬ ಬಂದ ದಾರಿಯಲ್ಲೇ ವಾಪಸ್ಸು ಹೋಗಲಿ. ಶುಕ್ರವಾರ ಇವರಿಬ್ಬರೂ ಅಪ್ಪ ಅಮ್ಮಂದಿರ ಕೈಗೆ ಸಿಗಲಿ. ಆದರೆ ಕಿಟಕಿ ತೆರೆದ ಆ ಹುಡುಗನ ಗೊಣಗಾಟ ನೆನಪಾಯಿತು. "ಹೋಗಿಲ್ಲ. ನನ್ನ ಹತ್ರ ನಕಲಿದೆ. ದಾರೀಲಿದೆ" ಎಂದಳು.

ಇಬ್ಬರ ಮುಖಕ್ಕೂ ಒಟ್ಟಿಗೆ ಕಳೆ ಬಂತು. "ಮೊದಲೇ ಹೇಳಬಾರದಾ!" ಎಂದ ಟೈ. ಮರುಗಳಿಗೆಯಲ್ಲೇ ಅವನಿಗೆ ಧೈರ್ಯ ಮರಳಿತು. "ದಾರೀಲಿದೆ ಅಂದ್ರೆ? ಆಫೀಸಿನ ಫೈಲು ಮನೇಲಿ ಇಟ್ಟಿದ್ರಾ? ಅದು ನಿಯಮಕ್ಕೆ..."

"ಆ ಎರಡು ಬೀರು ನೋಡಿ" ಎಂದಳು ಅವಳು. "ಅದರಲ್ಲಿ ಒಂದು ಅಡ್ಡಗೂಡು ಕೇಳಿದ್ದೆ. ಜಾಗ ಇಲ್ಲ ಅಂದ್ರು. ನನ್ನ ಡಿಸ್ಕು, ನನ್ನ ಸೋಪಿನ ಡಬ್ಬ. ಯಾವ ನಿಯಮ?"

"ಆಯ್ತು ಆಯ್ತು" ಎಂದು ಡೈರೆಕ್ಟರು ಕಾಗದವನ್ನು ಮಡಚಲು ಹೋದರು. "ಹಾವೂ ಸತ್ತಿತು, ಕೋಲೂ ಮುರೀಲಿಲ್ಲ. ಏನೂ ಆಗೇ ಇಲ್ಲ ಅಂದ್ಕೊಳ್ಳೋಣ. ಇದನ್ನ ಹರಿದು ಹಾಕ್ತೀನಿ."

ಅಲ್ಲಿಯವರೆಗೆ ತಡೆದದ್ದು ಆಗ ತಡೆಯಲಾಗಲಿಲ್ಲ. ಏನೂ ಆಗೇ ಇಲ್ಲ. ಚೆಲ್ಲಿದವರು ಎದ್ದು ಹೋಗಿ, ಒರೆಸಿದವಳು ಕೈ ತೊಳೆದ ಮೇಲೆ ನೆಲ ಒಣಗಿದರೆ ಯಾವಾಗಲೂ ಏನೂ ಆಗಿರುವುದೇ ಇಲ್ಲ. ಅವಳು ಆ ಹಾಳೆಯನ್ನು ಅವರ ಕೈಯಿಂದಲೇ ತೆಗೆದುಕೊಂಡಳು.

"ಹರೀಬೇಡಿ. ನನಗೆ ಬೇಕು. ಇಬ್ಬರೂ ಕೆಳಗೆ ಬನ್ನಿ."

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಅಂಗಿಯ ತೋಳಿಗೆ ಸೋಪಿನ ಪುಡಿ, ಎದೆಗೆ ಅವಚಿಕೊಂಡ ನೀಲಿ ಡಬ್ಬ. ಆಯಮ್ಮ ಅವನನ್ನೂ ಒಳಗೆ ಬಿಟ್ಟಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಗಾಜಿನಾಚೆ ಮಿನುಗುವ ದೀಪಗಳನ್ನು ನೋಡಿ, "ಇದನ್ನೆಲ್ಲ ನೀನು ಒಬ್ಬಳೇ ನೋಡ್ಕೋತೀಯಾ?" ಎಂದ. ಅವಳು ಡಬ್ಬ ತೆಗೆದುಕೊಂಡಳು. ಒಳಗೆ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು, ಗಂಟೂ ಅವಳು ಹಾಕಿದ್ದೇ.

ಡಿಸ್ಕಿನ ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಲಿಲ್ಲ. ಬದಲಿಗೆ ಉದ್ದ ಪುಸ್ತಕ ತೆರೆದು, ರಟ್ಟಿನ ಮೇಲಿನ ಕಾಫಿ ಲೋಟದ ಉಂಗುರವನ್ನು ಸೆರಗಿನಿಂದ ಒರೆಸಿ, ಪೆನ್ನನ್ನು ಟೈ ಕಡೆ ತಿರುಗಿಸಿದಳು.

"ಬರೀರಿ. ಆಮೇಲೆ ಸಿಕ್ಕಿಸ್ತೀನಿ."

"ಏನು ಬರೀಬೇಕು?"

"ಕಾಲಂ ಇದೆಯಲ್ಲ. ಯಾವ ಫೈಲು, ಯಾಕೆ, ಎಷ್ಟು ಹೊತ್ತಿಗೆ, ಯಾರು."

"ಮನೆ ಮಾತು ಮನೇಲೇ ಇರಲಿ ಅಂತ..." ಎಂದು ಡೈರೆಕ್ಟರು ಶುರುಮಾಡಿದರು.

"ಇದು ಮನೆ ಅಲ್ಲ ಸಾರ್" ಎಂದಳು. "ಮನೇಲಿ ಬರೆಯೋಕೆ ಪುಸ್ತಕ ಇಲ್ಲ. ಇಲ್ಲಿದೆ."

ಗಂಡ ಬಾಗಿಲ ಬಳಿ ಕಾಲು ಬದಲಿಸಿ ನಿಂತ. ಟೈ ಬರೆದ. "ಯಾಕೆ" ಎಂಬ ಕಾಲಂ ಬಂದಾಗ ನಿಂತು, "ಇಲ್ಲಿ?" ಎಂದ.

"ನಿಮಗೆ ಏನು ಅನ್ನಿಸಿತೋ ಅದನ್ನೇ."

"ಉಪಯೋಗವಿಲ್ಲದ್ದು ಎಂದು ತಿಳಿದು" ಎಂದು ಬರೆದು ಸಹಿ ಹಾಕಿದ. ಡೈರೆಕ್ಟರು ಕೆಳಗೆ ಸಾಕ್ಷಿ ಹಾಕಿದರು. ಅವಳು ಆ ಟೈಪ್ ಮಾಡಿದ ಹಾಳೆಯನ್ನು, ಸಹಿ ಇಲ್ಲದೆ ಹಾಗೇ, ಪಕ್ಕದ ಪುಟಕ್ಕೆ ಅಂಟು ಹಚ್ಚಿ ಅಂಟಿಸಿದಳು. "ಮುಂದಿನ ತಿಂಗಳು ಸಮಿತಿಗೆ ಈ ಪುಸ್ತಕಾನೂ ಹೋಗುತ್ತೆ. ಎರಡು ಪುಟಾನೂ ಓದ್ಲಿ."

ಆಮೇಲೆ ಡಿಸ್ಕು ಸಿಕ್ಕಿಸಿದಳು. ನಕಲು ಬರಲು ಇಪ್ಪತ್ತೈದು ನಿಮಿಷ. ಬಂದ ಮೇಲೆ ಫೈಲಿನ ಬೆರಳಚ್ಚು ತೆಗೆದಳು. ಒಂದಕ್ಷರ ಬದಲಾಗಿದ್ದರೂ ಪೂರ್ತಿ ಬೇರೆಯಾಗಿಬಿಡುವ ಅಕ್ಷರ ಅಂಕಿಗಳ ಉದ್ದ ಸಾಲು ಅದು. ಎರಡು ವರ್ಷದ ಹಿಂದೆ ಪುಸ್ತಕದ ಒಂದು ಪುಟದಲ್ಲಿ ಅದನ್ನು ಬರೆದಿಟ್ಟಿದ್ದಳು. ಪರದೆಯ ಮೇಲೊಂದು ಬೆರಳು, ಪುಟದ ಮೇಲೊಂದು ಬೆರಳು ಇಟ್ಟು ಒಂದೊಂದೇ ಅಕ್ಷರ ಸರಿನೋಡಿದಳು. ಕೊನೆಯ ಅಕ್ಷರವೂ ಕೂಡಿತು. ಮೊದಲನೆಯ ಯಂತ್ರ ಹಚ್ಚಿದಳು. ಪರದೆಯಲ್ಲಿ ಮನೆಯೊಂದರ ನಕ್ಷೆ ತೆರೆದುಕೊಂಡಿತು. ಅಡುಗೆಮನೆಗೆ ಒಂದು ಕಿಟಕಿ ಇತ್ತು.

ಪಾಯವನ್ನು ಮುಖ್ಯಸ್ಥನ ಹೆಸರಿನಿಂದಲೂ ಅಳಿಸಲಾಗದಂತೆ ಅಲ್ಲೇ, ಅವನ ಕಣ್ಣೆದುರೇ ಬಿಗಿ ಮಾಡಿದಳು. ಅವನು ಹೊರಟುಹೋದ, ಹಿಂದೆಯೇ ಡೈರೆಕ್ಟರೂ ಮೇಲೆ ಹೋದರು.

ಗಂಡ ಇನ್ನೂ ನಿಂತಿದ್ದ. "ಸಂಜೆ ಎಷ್ಟೊತ್ತಿಗೆ ಬರ್ತೀಯ? ಅಮ್ಮ ಕೇಳ್ತಿದ್ರು."

"ಅತ್ತೆ ಕೇಳಿರಲ್ಲ, ನೀವು ಕೇಳ್ತಿದೀರ. ಉಳಿದ ನಲವತ್ತೇಳೂ ಹಚ್ಚಿ ನೋಡಿ ಬರ್ತೀನಿ. ಸೋಪಿನ ಪುಡಿ ಎಲ್ಲಿದೆ ಅಂತ ಈಗ ಗೊತ್ತಾಯ್ತಲ್ಲ? ಮಷೀನ್ ಪಕ್ಕ ಒಂದು ಬುಟ್ಟಿ ಬಟ್ಟೆ ಇದೆ. ಹಾಕಿಬಿಡಿ."

"ಎಷ್ಟು ಪುಡಿ ಹಾಕಬೇಕು?"

"ನೆಲಕ್ಕೆ ಚೆಲ್ಲಿದೀರಲ್ಲ, ಅಷ್ಟು ಬೇಡ."

ಅವನು ಹೋದ. ಅವಳು ಡಿಸ್ಕನ್ನು ಕೈಯಲ್ಲಿ ಹಿಡಿದು ನೇರವಾಗಿ ಡೈರೆಕ್ಟರ ಕೋಣೆಗೆ ನಡೆದಳು. ಆಯಮ್ಮನನ್ನೂ ಕರೆದಳು. ಡೈರೆಕ್ಟರು ತಲೆ ಎತ್ತಿ ನೋಡಿ ಮತ್ತೆ ಕಾಗದಕ್ಕೆ ತಲೆ ತಗ್ಗಿಸಿದರು. ಬೀರು ತೆಗೆದು ಮೇಲಿನ ಅಡ್ಡಗೂಡಿನ ಕಪ್ಪುಗಳನ್ನು ಒಂದೊಂದಾಗಿ ಆಯಮ್ಮನ ಕೈಗೆ ಕೊಟ್ಟಳು. ಧೂಳು ಹಿಡಿದು ಯಾವುದು ಯಾವುದಕ್ಕೆ ಬಂದದ್ದೆಂದು ಓದಲಾಗುತ್ತಿರಲಿಲ್ಲ. ಖಾಲಿಯಾದ ಜಾಗ ಒರೆಸಿ ಡಿಸ್ಕು ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವನ್ನ ಎಲ್ಲಿಡ್ಲಿ ಮೇಡಂ?" ಎಂದಳು ಆಯಮ್ಮ, ತೋಳಿನ ತುಂಬ ಕಪ್ಪು ಹೊತ್ತು.

"ಸಾರ್ ಮೇಜಿನ ಮೇಲೆ."

"ಮೇಜಿನ ಮೇಲೆ ಜಾಗ ಇಲ್ವಲ್ಲ."

"ಜಾಗ ಬೇಕಾದ್ರೆ ಪುಸ್ತಕ ಕೆಳಗಿದೆ" ಎಂದಳು ಪೊರಕೆ ಮೇಡಂ. "ಮೊದಲು ಬರೀಲಿ. ಆಮೇಲೆ ಬೇಡದ್ದು ತೆಗೀಲಿ."